ರೀಫಂಡ್ ಕೊಡುತ್ತೇವೆ ಎಂದು ಫೋನ್ ಬಂದಾಗ

ಬೆಂಗಳೂರಿನಲ್ಲಿ ಯಾವುದೋ ಒಂದು ರೀಫಂಡ್‌ಗಾಗಿ ಕಾಯದಿರುವ ಮನೆ ಸಿಗುವುದು ಕಷ್ಟ. ವಾಪಸು ಕಳುಹಿಸಿದ ಸೀರೆಯ ಹಣ, ರದ್ದುಪಡಿಸಿದ ರೈಲು ಟಿಕೆಟ್‌ನ ಹಣ, ಎರಡು ಬಾರಿ ಕಡಿತವಾದ ಕರೆಂಟ್ ಬಿಲ್, ಆದಾಯ ತೆರಿಗೆ ಇಲಾಖೆಯಿಂದ ಬರಬೇಕಾದ ಬಾಕಿ, ಹೀಗೆ ಏನಾದರೊಂದು ಇದ್ದೇ ಇರುತ್ತದೆ. ಆದ್ದರಿಂದ ‘ನಿಮ್ಮ ರೀಫಂಡ್ ಮಂಜೂರಾಗಿದೆ’ ಎಂದು ಯಾರಾದರೂ ಫೋನ್ ಮಾಡಿದರೆ ನಮಗೆ ಅನುಮಾನಕ್ಕಿಂತ ಮೊದಲು ‘ಅಂತೂ ಬಂತಲ್ಲ’ ಎಂಬ ನೆಮ್ಮದಿಯಾಗುತ್ತದೆ. ಲಾಟರಿ ಹೊಡೆದಿದೆ ಎಂದರೆ ಫೋನ್ ಕುಕ್ಕಿ ಇಡುವವರೂ ತಮ್ಮದೇ ದುಡ್ಡು ಹಿಂದಿರುಗುತ್ತಿದೆ ಎಂದರೆ ಕಿವಿ ಕೊಡುತ್ತಾರೆ. ಈ ವಂಚನೆಯ ಬಲವೆಲ್ಲ ಅಲ್ಲಿದೆ: ಅದು ದುರಾಸೆಯನ್ನು ಕೆಣಕುವುದಿಲ್ಲ, ನ್ಯಾಯವಾಗಿ ಬರಬೇಕಾದದ್ದರ ಮೇಲಿನ ನಮ್ಮ ಕಾಯುವಿಕೆಯನ್ನು ಬಳಸಿಕೊಳ್ಳುತ್ತದೆ.

ಇದನ್ನು ಗುರುತಿಸಲು ಮೊಬೈಲ್ ತಂತ್ರಜ್ಞಾನವನ್ನು ಅರೆದು ಕುಡಿದಿರಬೇಕಾಗಿಲ್ಲ. ನಿಜವಾದ ರೀಫಂಡ್ ಹೇಗೆ ನಡೆಯುತ್ತದೆ ಎಂಬುದು ಗೊತ್ತಿದ್ದರೆ ಸುಳ್ಳು ರೀಫಂಡ್ ತಾನಾಗಿ ಎದ್ದು ಕಾಣುತ್ತದೆ.

ಹಣ ನಿಜಕ್ಕೂ ಹಿಂದಿರುಗುವುದು ಹೇಗೆ

ಕಾರ್ಡ್, ಯುಪಿಐ ಅಥವಾ ನೆಟ್ ಬ್ಯಾಂಕಿಂಗ್ ಮೂಲಕ ನೀವು ಹಣ ಕೊಟ್ಟ ಕ್ಷಣವೇ ಆ ವಹಿವಾಟಿಗೆ ಒಂದು ಸಂಖ್ಯೆ ಬೀಳುತ್ತದೆ. ಯುಪಿಐ ಆದರೆ ಅದು 12 ಅಂಕಿಗಳ ಸಂಖ್ಯೆ. ಹಣ ಯಾವ ಖಾತೆಯಿಂದ ಹೊರಟಿತು, ಯಾರಿಗೆ ಸೇರಿತು, ಎಷ್ಟು ಎಂಬ ವಿವರವೆಲ್ಲ ಆ ಸಂಖ್ಯೆಯ ಜೊತೆಗೇ ದಾಖಲಾಗಿರುತ್ತದೆ. ವ್ಯಾಪಾರಿ ಹಣ ಹಿಂದಿರುಗಿಸುವಾಗ ಅದೇ ದಾಖಲೆಯನ್ನು ಹಿಡಿದು, ಹಣ ಹೊರಟ ಖಾತೆಗೇ ಅಥವಾ ಕಾರ್ಡಿಗೇ ಕಳುಹಿಸುತ್ತಾನೆ. ಬಂದ ದಾರಿಗೆ ಸುಂಕವಿಲ್ಲ ಎಂಬ ಮಾತು ಇಲ್ಲಿ ಅಕ್ಷರಶಃ ಒಪ್ಪುತ್ತದೆ. ಹಿಂದಿರುಗುವ ಹಣಕ್ಕೆ ಶುಲ್ಕವಿಲ್ಲ, ನೋಂದಣಿಯಿಲ್ಲ, ‘ಪರಿಶೀಲನೆಗೆ’ ಎಂದು ಐದು ರೂಪಾಯಿ ಕಟ್ಟುವ ಕೆಲಸವಿಲ್ಲ. ನಿಮ್ಮ ಪಿನ್ ಅಂತೂ ಬೇಕಾಗಿಯೇ ಇಲ್ಲ.

ಒಂದು ಸಂದರ್ಭ ಮಾತ್ರ ಬೇರೆ. ವಸ್ತು ಮನೆಗೆ ಬಂದಾಗ ನಗದು ಕೊಟ್ಟಿದ್ದರೆ ಕಂಪನಿಯ ಬಳಿ ನಿಮ್ಮ ಖಾತೆಯ ವಿವರ ಇರುವುದಿಲ್ಲ. ಆಗ ಅದು ತನ್ನ ಆ್ಯಪ್‌ನಲ್ಲೇ ನಿಮ್ಮ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಕೋಡ್ ಅಥವಾ ಯುಪಿಐ ಐಡಿ ಕೇಳಬಹುದು. ಕೇಳುವುದು ಅಷ್ಟನ್ನೇ. ಯಾರಾದರೂ ನಿಮಗೆ ಹಣ ಹಾಕಬೇಕಾದರೆ ಅದಕ್ಕಿಂತ ಹೆಚ್ಚಿನದು ಬೇಕಾಗುವುದಿಲ್ಲ. ಒಟಿಪಿ, ಪಿನ್, ಕಾರ್ಡಿನ ಹಿಂಬದಿಯ ಮೂರು ಅಂಕಿ ಇವೆಲ್ಲ ಹಣ ಹೊರಗೆ ಹೋಗುವ ಬಾಗಿಲ ಬೀಗಗಳು. ಒಳಗೆ ಬರುವ ಹಣಕ್ಕೆ ಅವುಗಳ ಹಂಗಿಲ್ಲ.

ವಿಫಲವಾದ ವಹಿವಾಟುಗಳಿಗೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲೇ ಗಡುವು ಹಾಕಿದೆ. ಯುಪಿಐನಲ್ಲಿ ಒಬ್ಬರಿಗೆ ಕಳುಹಿಸಿದ ಹಣ ನಿಮ್ಮ ಖಾತೆಯಿಂದ ಕಡಿತವಾಗಿ ಅವರಿಗೆ ಜಮೆಯಾಗದಿದ್ದರೆ ಮರುದಿನದೊಳಗೆ ಅದು ತಾನಾಗಿ ಹಿಂದಿರುಗಬೇಕು. ಅಂಗಡಿಗೆ ಮಾಡಿದ ಪಾವತಿ ಕೈಕೊಟ್ಟರೆ, ಅಥವಾ ಎಟಿಎಂ ನೋಟು ಕೊಡದೆ ಖಾತೆಯಲ್ಲಿ ಕಡಿತ ತೋರಿಸಿದರೆ, ಐದು ದಿನ. ತಡವಾದರೆ ದಿನಕ್ಕೆ ₹100 ಪರಿಹಾರ, ಅದನ್ನೂ ಗ್ರಾಹಕರ ದೂರಿಗೆ ಕಾಯದೆ ಖಾತೆಗೆ ಹಾಕಬೇಕು. ಇಡೀ ವ್ಯವಸ್ಥೆಯೇ ನಿಮ್ಮನ್ನು ಕೇಳದೆ ನಡೆಯುವಂತೆ ರೂಪಿಸಿದ್ದು. ಹೀಗಿರುವಾಗ ನಡುವೆ ಒಬ್ಬ ಫೋನ್ ಮಾಡಿ ‘ನಾನು ಹೇಳಿದಂತೆ ಒತ್ತುತ್ತಾ ಹೋಗಿ’ ಎನ್ನುತ್ತಾನೆ ಎಂದರೆ ಅವನು ಈ ವ್ಯವಸ್ಥೆಯ ಹೊರಗಿನವನು.

ಆದಾಯ ತೆರಿಗೆಯ ವಿಷಯದಲ್ಲಿ ಬೆಂಗಳೂರಿನವರು ಇನ್ನಷ್ಟು ಎಚ್ಚರದಿಂದಿರಬೇಕು. ಇಡೀ ದೇಶದ ರಿಟರ್ನ್‌ಗಳನ್ನು ನೋಡಿ ಮರುಪಾವತಿ ಹೊರಡಿಸುವ ಸಿಪಿಸಿ, ಅಂದರೆ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ, ಇರುವುದು ನಮ್ಮ ಊರಿನಲ್ಲೇ. ‘ಬೆಂಗಳೂರು ಸಿಪಿಸಿಯಿಂದ ಮಾತನಾಡುತ್ತಿದ್ದೇವೆ’ ಎಂಬ ಮಾತಿಗೆ ಇಲ್ಲಿ ತೂಕ ಬರುವುದು ಅದಕ್ಕೇ. ನಡೆಯುವುದು ಇಷ್ಟು: ಇ-ಫೈಲಿಂಗ್ ಜಾಲತಾಣದಲ್ಲಿ ನೀವೇ ಮೊದಲು ಒಂದು ಖಾತೆಯನ್ನು ಕೊಟ್ಟು ದೃಢೀಕರಿಸಿರುತ್ತೀರಿ, ಮರುಪಾವತಿ ಸ್ಟೇಟ್ ಬ್ಯಾಂಕ್ ಮೂಲಕ ಆ ಖಾತೆಗೆ ಜಮೆಯಾಗುತ್ತದೆ. ಹಣ ಎಲ್ಲಿದೆ ಎಂದು ನೋಡಬೇಕಾದರೆ ನೀವೇ ಲಾಗಿನ್ ಆಗಿ ನೋಡಬಹುದು. 2023ರಲ್ಲಿ ಒಂದು ಸಂದೇಶ ಎಲ್ಲೆಡೆ ಹರಿದಾಡಿತು: ₹15,490 ತೆರಿಗೆ ಮರುಪಾವತಿ ಮಂಜೂರಾಗಿದೆ, ಖಾತೆ ಸಂಖ್ಯೆ ತಪ್ಪಿದ್ದರೆ ಈ ಲಿಂಕ್ ಒತ್ತಿ ಸರಿಪಡಿಸಿ ಎಂದು. ಅದು ನಕಲಿ ಎಂದು ಕೇಂದ್ರ ಸರ್ಕಾರದ ವಾರ್ತಾ ಶಾಖೆಯೇ ಹೇಳಬೇಕಾಯಿತು. ಆ ಮೊತ್ತವನ್ನು ಗಮನಿಸಿ. ಹದಿನೈದು ಸಾವಿರ ಎಂದು ದುಂಡಾಗಿ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ. ಆ ನಾನೂರ ತೊಂಬತ್ತು ರೂಪಾಯಿ ಯಾರೋ ಕುಳಿತು ಲೆಕ್ಕ ಹಾಕಿದ್ದಾರೆ ಎನ್ನಿಸುತ್ತದೆ.

ಆ ಸಂಖ್ಯೆ ಎಲ್ಲಿಂದ ಸಿಕ್ಕಿತು?

ಬಹಳ ಬಾರಿ ವಂಚಕ ನಮಗೆ ಫೋನ್ ಮಾಡುವುದೇ ಇಲ್ಲ, ನಾವೇ ಅವನಿಗೆ ಮಾಡುತ್ತೇವೆ. ಇದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಆನ್‌ಲೈನ್ ಕಂಪನಿಗಳು ತಮ್ಮ ಗ್ರಾಹಕ ಸೇವೆಯ ದೂರವಾಣಿ ಸಂಖ್ಯೆಯನ್ನು ಆ್ಯಪ್‌ನ ಯಾವ ಮೂಲೆಯಲ್ಲಿ ಇಟ್ಟಿರುತ್ತವೋ ಹುಡುಕಿದರೂ ಸಿಗುವುದಿಲ್ಲ. ಕೆಲವು ಇಟ್ಟೇ ಇರುವುದಿಲ್ಲ. ಬೇಸತ್ತವರು ಗೂಗಲ್‌ನಲ್ಲಿ ಕಂಪನಿಯ ಹೆಸರಿನ ಮುಂದೆ ‘ಕಸ್ಟಮರ್ ಕೇರ್ ನಂಬರ್’ ಎಂದು ಬರೆದು ಹುಡುಕುತ್ತಾರೆ. ಅಲ್ಲಿ ವಂಚಕರು ನಕಲಿ ಪುಟ, ಜಾಹೀರಾತು, ನಕ್ಷೆಯಲ್ಲಿನ ಸುಳ್ಳು ವಿಳಾಸ ಎಲ್ಲವನ್ನೂ ಮೊದಲೇ ಹರಡಿ ಕುಳಿತಿರುತ್ತಾರೆ. ಸಾಮಾಜಿಕ ಜಾಲತಾಣದಲ್ಲಿ ಕಂಪನಿಯನ್ನು ಉದ್ದೇಶಿಸಿ ದೂರು ಬರೆದರೂ ಅದೇ ಕಥೆ. ಕಂಪನಿಯ ಚಿಹ್ನೆ ಹೊತ್ತ ನಕಲಿ ಖಾತೆಯೊಂದು ‘ತೊಂದರೆಗೆ ಕ್ಷಮಿಸಿ, ನಿಮ್ಮ ಸಂಖ್ಯೆ ಕಳುಹಿಸಿ’ ಎಂದು ಉತ್ತರಿಸುತ್ತದೆ. ಗ್ರಾಹಕರ ಅಜಾಗರೂಕತೆಯ ಬಗ್ಗೆ ಉಪದೇಶಿಸುವ ಕಂಪನಿಗಳು ಮೊದಲು ಒಂದು ದೂರವಾಣಿ ಸಂಖ್ಯೆಯನ್ನು ಮುಖಪುಟದಲ್ಲಿ ಹಾಕಿ, ಅದಕ್ಕೆ ಮನುಷ್ಯರು ಉತ್ತರಿಸುವಂತೆ ಮಾಡಲಿ. ಈ ವಂಚನೆಗೆ ನೆಲ ಹದ ಮಾಡಿಕೊಟ್ಟಿರುವುದು ಅವರೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ಕತ್ರಿಗುಪ್ಪೆಯಲ್ಲಿರುವ ನನ್ನ ಸೋದರತ್ತೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಆನ್‌ಲೈನ್‌ನಲ್ಲಿ ತರಿಸಿದ್ದ ಕುಕ್ಕರ್‌ನ ಮುಚ್ಚಳ ಸರಿಯಿಲ್ಲವೆಂದು ವಾಪಸು ಕಳುಹಿಸಿದ್ದರು. ಹಣ ಬಾರದಿದ್ದಾಗ ಹೀಗೆಯೇ ಹುಡುಕಿ ಸಿಕ್ಕ ಸಂಖ್ಯೆಗೆ ಕರೆ ಮಾಡಿದರು. ಆ ಕಡೆಯವನು ಒಳ್ಳೆಯ ಕನ್ನಡದಲ್ಲಿ, ತುಂಬ ವಿನಯದಿಂದ ಮಾತನಾಡಿದ. ‘ಅಮ್ಮಾ, ನಿಮ್ಮ ರೀಫಂಡ್ ಸಿದ್ಧವಾಗಿದೆ. ಯುಪಿಐ ಆ್ಯಪ್ ತೆರೆಯಿರಿ. ನಾನು ಹೇಳುವ ಐಡಿ ಹಾಕಿ’ ಎಂದ. ಆ ಐಡಿಯಲ್ಲಿ ‘ರೀಫಂಡ್’ ಎಂಬ ಪದವೇ ಸೇರಿತ್ತು. ‘ಈಗ ಖಾಲಿ ಜಾಗ ಬರುತ್ತದೆಯಲ್ಲ, ಅಲ್ಲಿ ನಿಮ್ಮ ರೀಫಂಡ್ ಕೋಡ್ ಹಾಕಿ: ಎರಡು, ನಾಲ್ಕು, ಒಂಬತ್ತು, ಎಂಟು, ಐದು.’

ಆ ಖಾಲಿ ಜಾಗ ಮೊತ್ತ ಬರೆಯುವ ಜಾಗ. ಅಂಕಿಗಳನ್ನು ಒಂದೊಂದಾಗಿ ಹೇಳಿದ್ದರಿಂದ ಅದು ಕೋಡಿನಂತೆ ಕೇಳಿಸಿತು. ಪರದೆಯ ಮೇಲೆ ಮಾತ್ರ ₹24,985 ಎಂದು ಮೂಡಿತ್ತು. ಮೇಷ್ಟರ ಅಭ್ಯಾಸ, ಅತ್ತೆ ಪರದೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದಿದರು. ‘ಅಲ್ಲಪ್ಪಾ, ಇಲ್ಲಿ ಪಾವತಿಸಿ ಎಂದು ಬರೆದಿದೆಯಲ್ಲ?’ ‘ಹೌದು ಅಮ್ಮಾ, ಕಂಪನಿ ನಿಮಗೆ ಪಾವತಿಸುತ್ತದೆ ಎಂದು ಅರ್ಥ. ಪಿನ್ ಒತ್ತಿ, ಹಣ ಬರುತ್ತದೆ.’ ಎಷ್ಟು ಸಲೀಸಾದ ಉತ್ತರ ನೋಡಿ. ಅತ್ತೆ ಅಲ್ಲಿಗೆ ಕೈ ತಡೆದು, ನನಗೆ ಹಣ ಬರಲು ನನ್ನ ಪಿನ್ ಏಕೆ ಎಂದು ಕೇಳಿದರು. ಅವನ ದನಿ ತಟ್ಟನೆ ಬದಲಾಯಿತು. ಇನ್ನು ಐದು ನಿಮಿಷದಲ್ಲಿ ಗಡುವು ಮುಗಿಯುತ್ತದೆ, ಆಮೇಲೆ ಆರು ತಿಂಗಳು ಹಣ ಸಿಗುವುದಿಲ್ಲ, ನಿಮ್ಮಂಥವರಿಂದ ನಮಗೆ ತೊಂದರೆ ಎಂದು ಗದರತೊಡಗಿದ. ಅವರು ಫೋನ್ ಇಟ್ಟರು. ಕುಕ್ಕರ್‌ನ ಹಣ ಮುಂದಿನ ವಾರ ಯಾರ ಹಂಗೂ ಇಲ್ಲದೆ ಕಾರ್ಡಿಗೆ ಜಮೆಯಾಯಿತು.

ಅತ್ತೆ ಕೇಳಿದ ಆ ಪ್ರಶ್ನೆಯೇ ಈ ಇಡೀ ವಿಷಯದ ತಿರುಳು. ಯುಪಿಐ ಪಿನ್ ಬೇಕಾಗುವುದು ಹಣ ಕಳುಹಿಸಲು, ಇಲ್ಲವೇ ಖಾತೆಯಲ್ಲಿ ಎಷ್ಟಿದೆ ಎಂದು ನೋಡಲು. ಪಡೆಯಲು ಎಂದೂ ಬೇಡ. ಕ್ಯೂಆರ್ ಕೋಡ್ ಕಳುಹಿಸಿ ‘ಸ್ಕ್ಯಾನ್ ಮಾಡಿದರೆ ಹಣ ಬರುತ್ತದೆ’ ಎನ್ನುವುದೂ ಇದೇ ಮೋಸದ ಮತ್ತೊಂದು ರೂಪ. ಹಿಂದೆ ವಂಚಕರು ಯುಪಿಐನಲ್ಲಿ ಹಣ ಕೇಳುವ ಕೋರಿಕೆ ಕಳುಹಿಸಿ, ಅದನ್ನು ಒಪ್ಪಿದರೆ ರೀಫಂಡ್ ಬರುತ್ತದೆ ಎಂದು ನಂಬಿಸುತ್ತಿದ್ದರು. ಆ ಹಾವಳಿಯಿಂದಾಗಿಯೇ ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಅಂಥ ಕೋರಿಕೆ ಕಳುಹಿಸುವ ಸೌಲಭ್ಯವನ್ನು ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ವ್ಯಾಪಾರಿಗಳ ಕೋರಿಕೆಗಳಿಗೆ ಆಗ ಈ ತಡೆ ಅನ್ವಯಿಸಲಿಲ್ಲ, ಹಾಗಾಗಿ ಪರದೆಯನ್ನು ಓದುವ ಅಭ್ಯಾಸ ಈಗಲೂ ಬೇಕು.

ಪಿನ್ ಕೇಳದೆಯೂ ದೋಚುವ ಬಗೆ

ಪಿನ್, ಒಟಿಪಿ ಯಾರಿಗೂ ಹೇಳಬಾರದು ಎಂಬುದು ಈಗ ಎಲ್ಲರಿಗೂ ಬಾಯಿಪಾಠ. ವಂಚಕರಿಗೂ ಅದು ಗೊತ್ತು. ಅವರೇ ಮಾತಿನ ಮೊದಲಲ್ಲಿ ‘ದಯವಿಟ್ಟು ಒಟಿಪಿ ಯಾರಿಗೂ ಹೇಳಬೇಡಿ, ನನಗೂ ಹೇಳಬೇಡಿ’ ಎನ್ನುತ್ತಾರೆ. ಆ ಒಂದು ಮಾತಿಗೆ ನಮ್ಮ ಎಚ್ಚರವೆಲ್ಲ ಕರಗಿಹೋಗುತ್ತದೆ. ಆದರೆ ಅವರಿಗೆ ನೀವು ಹೇಳಬೇಕಾಗಿಯೇ ಇಲ್ಲ, ಅವರೇ ನೋಡಿಕೊಳ್ಳುತ್ತಾರೆ.

ನೋಡಿಕೊಳ್ಳುವ ಒಂದು ದಾರಿ ಪರದೆ ಹಂಚಿಕೆ. ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ಆ್ಯಪ್‌ಗಳು ಕಚೇರಿಗಳಲ್ಲಿ ಕಂಪ್ಯೂಟರ್ ದುರಸ್ತಿಗೆ ಬಳಸುವ ನ್ಯಾಯವಾದ ಸಾಧನಗಳೇ. ಅವನ್ನು ‘ರೀಫಂಡ್ ಫಾರಂ ತುಂಬಲು ಸಹಾಯ’ ಎಂದು ಹಾಕಿಸಿ, ಅದು ತೋರಿಸುವ ಸಂಖ್ಯೆಯನ್ನು ಕೇಳಿ ಪಡೆದರೆ ನಿಮ್ಮ ಮೊಬೈಲ್ ಅವರ ಮುಂದೆ ತೆರೆದುಕೊಳ್ಳುತ್ತದೆ. ಎನಿಡೆಸ್ಕ್ ಹೀಗೆ ದುರ್ಬಳಕೆಯಾಗುತ್ತಿದೆ ಎಂದು ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಬ್ಯಾಂಕ್‌ಗಳನ್ನು ಎಚ್ಚರಿಸಿತ್ತು. ಈಗ ವಾಟ್ಸ್‌ಆ್ಯಪ್ ವಿಡಿಯೊ ಕರೆಯಲ್ಲೇ ಪರದೆ ಹಂಚುವ ಸೌಲಭ್ಯವಿದೆ, ಹೊಸ ಆ್ಯಪ್ ಹಾಕಿಸುವ ಶ್ರಮವೂ ಉಳಿಯಿತು. ಮೇಲ್ಭಾಗದಲ್ಲಿ ಒಟಿಪಿ ಮಿಂಚಿ ಮರೆಯಾಗುವ ಎರಡು ಸೆಕೆಂಡ್ ಅವರಿಗೆ ಸಾಕು.

ಎರಡನೆಯದು ಎಪಿಕೆ ಫೈಲ್, ಮತ್ತು ನನ್ನನ್ನು ಹೆಚ್ಚು ಕಳವಳಕ್ಕೆ ತಳ್ಳುವುದು ಇದೇ. ವಾಟ್ಸ್‌ಆ್ಯಪ್‌ನಲ್ಲಿ ‘ಕಸ್ಟಮರ್ ಸಪೋರ್ಟ್’, ‘ರೀಫಂಡ್ ಫಾರಂ’, ‘ವಿದ್ಯುತ್ ಬಿಲ್ ಅಪ್‌ಡೇಟ್’ ಎಂಬಂಥ ಹೆಸರಿನ ಫೈಲ್ ಬರುತ್ತದೆ. ಅದು ಚಿತ್ರವೂ ಅಲ್ಲ, ಪಿಡಿಎಫ್ ಕೂಡ ಅಲ್ಲ. ಪ್ಲೇ ಸ್ಟೋರ್‌ನ ತಪಾಸಣೆಯನ್ನು ತಪ್ಪಿಸಿ ಆಂಡ್ರಾಯ್ಡ್ ಮೊಬೈಲ್‌ಗೆ ನೇರವಾಗಿ ಇಳಿಯುವ ಆ್ಯಪ್. ತೆರೆದಾಗ ಮೊಬೈಲ್ ಒಮ್ಮೆ ಎಚ್ಚರಿಸುತ್ತದೆ, ಫೋನಿನಲ್ಲಿರುವವನು ‘ಪರವಾಗಿಲ್ಲ, ಮುಂದುವರಿಸಿ’ ಎನ್ನುತ್ತಾನೆ. ಆಮೇಲೆ ಅದು ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ಅಲ್ಲಿ ‘ಅನುಮತಿಸಿ’ ಒತ್ತಿದ ಮೇಲೆ ನಿಮಗೆ ಬರುವ ಪ್ರತಿಯೊಂದು ಒಟಿಪಿಯೂ ಸದ್ದಿಲ್ಲದೆ ವಂಚಕನಿಗೆ ರವಾನೆಯಾಗುತ್ತದೆ. ಕೆಲವು ಆ್ಯಪ್‌ಗಳು ತಮ್ಮ ಗುರುತನ್ನೇ ಪರದೆಯಿಂದ ಮರೆಮಾಡುತ್ತವೆ. ಹಣ ಅಂದೇ ಹೋಗಬೇಕೆಂದಿಲ್ಲ. ಎರಡು ದಿನ ಬಿಟ್ಟು ನಡುರಾತ್ರಿಯಲ್ಲಿ ಹೋದರೆ ಆ ಕರೆಗೂ ಈ ಕಡಿತಕ್ಕೂ ಇರುವ ಸಂಬಂಧವೇ ಹೊಳೆಯುವುದಿಲ್ಲ.

ಇನ್ನೊಂದು, ಕರೆ ತಿರುಗಿಸುವ ಉಪಾಯ. ರೀಫಂಡ್ ‘ದೃಢಪಡಿಸಲು’ *21* ಎಂದು ಶುರುವಾಗುವ ಸಂಖ್ಯೆಯೊಂದನ್ನು ಒತ್ತಿಸುತ್ತಾರೆ. ಒತ್ತಿದರೆ ನಿಮ್ಮ ಕರೆಗಳೆಲ್ಲ ಅವರ ಸಂಖ್ಯೆಗೆ ತಿರುಗುತ್ತವೆ. ಬ್ಯಾಂಕಿನಿಂದ ದೃಢೀಕರಣದ ಕರೆ ಬಂದರೂ ಅದನ್ನು ಎತ್ತುವವರು ಅವರೇ. ##002# ಒತ್ತಿದರೆ ಇಂಥ ತಿರುಗಣೆಗಳೆಲ್ಲ ರದ್ದಾಗುತ್ತವೆ. ಸಂಶಯವಿದ್ದರೆ ಈಗಲೇ ಒತ್ತಿ ನೋಡಬಹುದು.

‘ತಪ್ಪಿ ಹೆಚ್ಚು ಹಾಕಿಬಿಟ್ಟೆ’

ಇದು ಒಳ್ಳೆಯ ಮನಸ್ಸಿನವರನ್ನೇ ಹಿಡಿಯುವ ಬಲೆ. ₹500 ರೀಫಂಡ್ ಹಾಕುತ್ತಿದ್ದೇವೆ ಎನ್ನುತ್ತಾರೆ. ಮೊಬೈಲ್‌ಗೆ ₹5,000 ಜಮೆಯಾಗಿದೆ ಎಂಬ ಸಂದೇಶ ಬರುತ್ತದೆ. ‘ಅಯ್ಯೋ, ಒಂದು ಸೊನ್ನೆ ಹೆಚ್ಚಾಯಿತು. ನನ್ನ ಸಂಬಳದಿಂದ ಹಿಡಿಯುತ್ತಾರೆ ಸರ್, ಉಳಿದದ್ದನ್ನು ಈಗಲೇ ಕಳುಹಿಸಿ’ ಎಂದು ಗೋಗರೆಯುತ್ತಾರೆ. ಖಾತೆಗೆ ಬಂದಿರುವುದು ಏನೂ ಇಲ್ಲ. ಆ ಸಂದೇಶವನ್ನು ಬ್ಯಾಂಕಿನ ಧಾಟಿಯಲ್ಲಿ ಅವರೇ ಟೈಪ್ ಮಾಡಿ ಕಳುಹಿಸಿರುತ್ತಾರೆ.

ಅಮೆರಿಕ, ಬ್ರಿಟನ್‌ಗಳಲ್ಲಿ ಇದರ ದೊಡ್ಡ ರೂಪವಿದೆ. ಕಂಪ್ಯೂಟರ್ ರಕ್ಷಣಾ ಸೇವೆಯ ಶುಲ್ಕ ಹಿಂದಿರುಗಿಸುತ್ತೇವೆಂದು ವೃದ್ಧರಿಗೆ ಕರೆ ಮಾಡಿ, ಅವರ ಕಂಪ್ಯೂಟರ್ ಒಳಹೊಕ್ಕು, ಬ್ಯಾಂಕ್ ಪುಟದಲ್ಲಿ ಕಾಣುವ ಅಂಕಿಯನ್ನು ಪರದೆಯ ಮೇಲಷ್ಟೇ ತಿದ್ದಿ ‘300 ಬದಲು 30,000 ಡಾಲರ್ ಹೋಗಿದೆ’ ಎಂದು ಹೆದರಿಸಿ, ಗಿಫ್ಟ್ ಕಾರ್ಡ್ ರೂಪದಲ್ಲಿ ವಸೂಲಿ ಮಾಡುತ್ತಾರೆ. ವಿದೇಶಿಯರನ್ನು ದೋಚುತ್ತಿದ್ದ ನಕಲಿ ಕಾಲ್ ಸೆಂಟರ್‌ಗಳು ಬೆಂಗಳೂರಿನಲ್ಲೂ ಪೊಲೀಸರ ಕೈಗೆ ಸಿಕ್ಕಿಬಿದ್ದಿವೆ. ಕೆಲಸ ಹುಡುಕುತ್ತಿರುವ ನಮ್ಮ ಹುಡುಗರು ‘ಅಂತರರಾಷ್ಟ್ರೀಯ ಗ್ರಾಹಕ ಸೇವೆ’ ಎಂಬ ಹೆಸರಿಗೆ ಮಾರುಹೋಗಿ ಸೇರಿಕೊಳ್ಳುವ ಮುನ್ನ ಇದನ್ನು ತಿಳಿದಿರಬೇಕು.

ಹಣ ಬಂದಿದೆಯೇ ಎಂಬುದನ್ನು ಸಂದೇಶದಲ್ಲಿ ನೋಡದೆ ಬ್ಯಾಂಕಿನ ಆ್ಯಪ್‌ನಲ್ಲೋ ಪಾಸ್‌ಬುಕ್‌ನಲ್ಲೋ ನೋಡಿ. ನಿಜವಾಗಿಯೂ ಬಂದಿದ್ದರೆ ಬ್ಯಾಂಕಿಗೆ ತಿಳಿಸಿ, ಹಿಂದಿರುಗಿಸುವ ಕೆಲಸವನ್ನು ಬ್ಯಾಂಕ್ ನೋಡಿಕೊಳ್ಳಲಿ. ನೀವಾಗಿ ಬೇರೆ ಸಂಖ್ಯೆಗೆ ಕಳುಹಿಸಿದರೆ, ಇನ್ಯಾರನ್ನೋ ದೋಚಿದ ಹಣ ನಿಮ್ಮ ಖಾತೆಯ ಮೂಲಕ ಹಾದುಹೋದಂತಾಗಿ ನಿಮ್ಮ ಖಾತೆಯೇ ಸ್ಥಗಿತವಾಗಬಹುದು.

ಕರೆಯ ಗುರುತುಗಳು

ಬ್ಯಾಂಕ್, ವಿಮೆಯಂಥ ಹಣಕಾಸು ಸಂಸ್ಥೆಗಳ ಸೇವಾ ಕರೆಗಳಿಗೆ ಈಗ 1600ರಿಂದ ಶುರುವಾಗುವ ಸಂಖ್ಯೆಗಳನ್ನು ಮೀಸಲಿಡಲಾಗಿದೆ, ಜಾಹೀರಾತಿನ ಕರೆಗಳಿಗೆ 140. ಬ್ಯಾಂಕಿನ ಸಂದೇಶಗಳು ಹತ್ತು ಅಂಕಿಯ ಮೊಬೈಲ್ ಸಂಖ್ಯೆಯಿಂದ ಬರುವುದಿಲ್ಲ, ಅಕ್ಷರಗಳ ಹೆಸರಿನಿಂದ ಬರುತ್ತವೆ. ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಬ್ಯಾಂಕ್‌ಗಳ ಜಾಲತಾಣದ ವಿಳಾಸಗಳು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ಕೊನೆಗೆ ಬದಲಾಗಿವೆ. ಬೆಸ್ಕಾಂ ವಿಚಾರಕ್ಕೆ 1912, ಜಲಮಂಡಳಿಗೆ 1916, ಗ್ರಾಹಕರ ದೂರಿಗೆ ರಾಷ್ಟ್ರೀಯ ಸಹಾಯವಾಣಿ 1915. ಕರೆ ಮಾಡಿದವರ ಹೆಸರು ತೋರಿಸುವ ಟ್ರೂಕಾಲರ್‌ನಲ್ಲಿ ಬ್ಯಾಂಕಿನ ಹೆಸರು ಕಂಡರೆ ಅದನ್ನು ಪುರಾವೆ ಎಂದುಕೊಳ್ಳಬೇಡಿ.

ಇವೆಲ್ಲ ಉಪಯುಕ್ತವೇ. ಆದರೂ ಕರೆ ಎಲ್ಲಿಂದ ಬಂತು ಎಂಬುದಕ್ಕಿಂತ ಅವರು ನಿಮ್ಮಿಂದ ಏನು ಮಾಡಿಸುತ್ತಿದ್ದಾರೆ ಎಂಬುದನ್ನೇ ನೋಡಿ ಎನ್ನುತ್ತೇನೆ. ಸಂಖ್ಯೆ, ಚಿಹ್ನೆ, ಗುರುತಿನ ಚೀಟಿ ಎಲ್ಲವನ್ನೂ ನಕಲು ಮಾಡಬಹುದು. ನಿಮ್ಮ ಆರ್ಡರ್ ಸಂಖ್ಯೆ, ವಿಳಾಸ ಹೇಳಿದರೂ ಮರುಳಾಗಬೇಡಿ. ಕಸದ ಬುಟ್ಟಿಗೆ ಹಾಕಿದ ಪಾರ್ಸೆಲ್ ಚೀಟಿಯಲ್ಲೂ ಆ ವಿವರ ಇರುತ್ತದೆ. ಫೋನ್ ಇಡಬೇಡಿ, ಮನೆಯವರಿಗೆ ಹೇಳಬೇಡಿ, ಈಗಲೇ ಮಾಡಿ ಎಂದು ಯಾರಾದರೂ ಒತ್ತಾಯಿಸಿದರೆ ಅಲ್ಲಿಗೇ ಫೋನ್ ಇಡಿ. ಆಮೇಲೆ ಕಂಪನಿಯ ಆ್ಯಪ್ ತೆರೆದು, ಅಥವಾ ಕಾರ್ಡಿನ ಹಿಂಬದಿಯಲ್ಲಿ ಮುದ್ರಿಸಿದ ಸಂಖ್ಯೆಗೆ ನೀವೇ ಕರೆ ಮಾಡಿ ವಿಚಾರಿಸಿ. ನಿಜವಾದ ರೀಫಂಡ್ ಒಂದು ಗಂಟೆ ತಡವಾದರೆ ಎಲ್ಲಿಗೂ ಓಡಿಹೋಗುವುದಿಲ್ಲ.

ಹಣ ಹೋಗಿಬಿಟ್ಟಿದ್ದರೆ

ಮೊದಲ ಕೆಲಸ 1930ಕ್ಕೆ ಕರೆ. ಇದು ಸೈಬರ್ ಹಣಕಾಸು ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಕದ್ದ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ. ಬಾಡಿಗೆಗೆ ಪಡೆದ ಹತ್ತಾರು ಖಾತೆಗಳಿಗೆ ಒಡೆದು ಹಂಚಿ, ಕೊನೆಗೆ ಎಟಿಎಂನಿಂದ ನಗದಾಗುತ್ತದೆ. ನಗದಾಗುವ ಮುನ್ನ ದೂರು ದಾಖಲಾದರೆ ಆಯಾ ಬ್ಯಾಂಕ್‌ಗಳು ಆ ಮೊತ್ತವನ್ನು ತಡೆಹಿಡಿಯಬಹುದು. ಪೊಲೀಸರು ಗೋಲ್ಡನ್ ಅವರ್ ಎನ್ನುವುದು ಈ ಅವಧಿಗೆ. ವಹಿವಾಟಿನ 12 ಅಂಕಿಯ ಸಂಖ್ಯೆ, ಮೊತ್ತ, ಸಮಯ ಕೈಯಲ್ಲಿರಲಿ. ಬ್ಯಾಂಕಿಗೂ ಕೂಡಲೇ ತಿಳಿಸಿ ಕಾರ್ಡ್, ಯುಪಿಐ ನಿಲ್ಲಿಸಿ. ಆ್ಯಪ್ ಹಾಕಿಸಿದ್ದರೆ ಮೊಬೈಲ್‌ನ ಇಂಟರ್‌ನೆಟ್ ಕಡಿದು, ಬೇರೆಯವರ ಫೋನ್‌ನಿಂದ ಈ ಕರೆಗಳನ್ನು ಮಾಡಿ. ಸಂದೇಶಗಳನ್ನು ಅಳಿಸಬೇಡಿ, ಅವು ಸಾಕ್ಷ್ಯ. ಬಳಿಕ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ನಿಮ್ಮ ವಿಭಾಗದ ಸೈಬರ್ ಅಪರಾಧ ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು.

ಬ್ಯಾಂಕಿನ ಹೊಣೆಯ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿ, ನಿಯಮ ಹೀಗೆ ಹಾಕಿತು. ನಿಮ್ಮದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಅನಧಿಕೃತ ವಹಿವಾಟು ನಡೆದು, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ನೀವು ತಿಳಿಸಿದರೆ ನಷ್ಟ ನಿಮ್ಮದಲ್ಲ. ಪಿನ್, ಒಟಿಪಿಯನ್ನು ನೀವೇ ಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ಅಂದರೆ ತಪ್ಪು ನಿಮ್ಮದೇ ಎಂದು ಕಂಡರೂ ದೂರು ಕೊಡಲು ಹಿಂಜರಿಯಬಾರದು.

ಹಿಂಜರಿಕೆ ಹುಟ್ಟುವುದು ಹೆಚ್ಚಾಗಿ ಮನೆಯಲ್ಲಿ. ‘ಇಷ್ಟು ಓದಿ ಹೀಗೆ ಮಾಡಿದಿರಲ್ಲ’ ಎಂದು ಮಕ್ಕಳು ರೇಗುತ್ತಾರೆಂಬ ಭಯಕ್ಕೆ ಎಷ್ಟೋ ಹಿರಿಯರು ರಾತ್ರಿಯಿಡೀ ಬಾಯಿ ಬಿಡುವುದಿಲ್ಲ. ಹಣ ತಡೆಯಬಹುದಾಗಿದ್ದ ಗಂಟೆಗಳು ಆ ಮೌನದಲ್ಲೇ ಕಳೆದುಹೋಗುತ್ತವೆ. ದಿನವಿಡೀ ಇದನ್ನೇ ಕಸುಬು ಮಾಡಿಕೊಂಡವರ ಎದುರು ಮೊದಲ ಬಾರಿ ಸಿಕ್ಕಿಬಿದ್ದವರು ಅವರು. ಅಪ್ಪನೋ ಅಮ್ಮನೋ ಬಂದು ಹೇಳಿಕೊಂಡರೆ ಬೈಯದೆ ಮೊದಲು 1930 ಒತ್ತಿ.

ತಡೆಹಿಡಿದ ಹಣವನ್ನು ಬಿಡಿಸಿಕೊಳ್ಳಲು ನ್ಯಾಯಾಲಯದ ಆದೇಶ ಬೇಕಾಗಬಹುದು, ಅದಕ್ಕೆ ಸಮಯ ಹಿಡಿಯುತ್ತದೆ. ಆ ನಡುವೆ ಮತ್ತೊಂದು ಕರೆ ಬರಬಹುದು: ‘ಸೈಬರ್ ಪೊಲೀಸ್ ಠಾಣೆಯಿಂದ ಮಾತನಾಡುತ್ತಿದ್ದೇವೆ, ನಿಮ್ಮ ಹಣ ಸಿಕ್ಕಿದೆ, ಬಿಡುಗಡೆ ಶುಲ್ಕ ಕಟ್ಟಿದರೆ ಇಂದೇ ರೀಫಂಡ್.’ ಮೋಸಹೋದವರ ಪಟ್ಟಿ ವಂಚಕರ ಕೈಯಲ್ಲಿರುತ್ತದೆ, ಅವರೇ ಎರಡನೇ ಬಾರಿ ಬರುತ್ತಾರೆ. ಪೊಲೀಸರಾಗಲಿ 1930ರವರಾಗಲಿ ಹಣ ಬಿಡಿಸಿಕೊಡಲು ಶುಲ್ಕ ಕೇಳುವುದಿಲ್ಲ. ಅಂಥ ಕರೆ ಬಂದರೆ ಆ ಸಂಖ್ಯೆಯನ್ನು ನಿಮ್ಮ ದೂರಿನ ತನಿಖಾಧಿಕಾರಿಗೆ ಕೊಡಿ. ಹಣ ಕಳೆದುಕೊಳ್ಳದೆ ಪಾರಾದವರೂ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ‘ಚಕ್ಷು’ ವಿಭಾಗದಲ್ಲಿ ವಂಚಕನ ಸಂಖ್ಯೆಯನ್ನು ದಾಖಲಿಸಬಹುದು.